ಊರಿನ ಶಾಸನ, ವೀರಗಲ್ಲುಗಳಿಗೆ ಕಾನೂನಿನ ರಕ್ಷಣೆ: ಸ್ಥಳ ದಾಖಲಾತಿಯಿಂದ ಅಧಿಸೂಚನೆಯವರೆಗೆ

ಗದ್ದೆಯ ಕಟ್ಟಪುಣಿಯಲ್ಲಿ ವಾಲಿ ನಿಂತ ವೀರಗಲ್ಲನ್ನೋ, ದೇವಸ್ಥಾನದ ಹೊರಸುತ್ತಿನಲ್ಲಿ ಮಗುಚಿ ಬಿದ್ದಿರುವ ಶಾಸನವನ್ನೋ ಉಳಿಸಿಕೊಡಿ ಎಂದು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಅನೇಕರು ಪುರಾತತ್ವ ಇಲಾಖೆಗೆ ಬರೆಯುತ್ತಾರೆ. ತಿದ್ದಿಕೊಡಿ ಎಂದು ನನ್ನ ಕೈಗೆ ಬಂದ ಇಂಥ ಅರ್ಜಿಗಳಲ್ಲಿ ಹೆಚ್ಚಿನವು ಒಮ್ಮೆಯಾದರೂ ಹಿಂದಿರುಗಿದವು, ಇಲ್ಲವೇ ಉತ್ತರವಿಲ್ಲದೆ ಉಳಿದವು. ಅವುಗಳಲ್ಲಿ ಕರಾವಳಿಯನ್ನು ಹಿಂದೆ ಆಳಿದ ಆಳುಪ ಅರಸರ ವಿಷಯ ಒಂದೂವರೆ ಪುಟ ಇರುತ್ತದೆ, ಸಂವಿಧಾನದ ಮೂಲಭೂತ ಕರ್ತವ್ಯಗಳ ವಿಷಯ ಅರ್ಧ ಪುಟ ಇರುತ್ತದೆ. ಕಲ್ಲು ಯಾವ ಸರ್ವೆ ನಂಬರಿನಲ್ಲಿದೆ, ಆ ನೆಲ ಯಾರದು ಎಂಬ ಎರಡು ಸಾಲು ಮಾತ್ರ ಇರುವುದಿಲ್ಲ.

ಈ ಎರಡು ಸಾಲುಗಳಿಲ್ಲದೆ ಇಲಾಖೆ ಏನನ್ನೂ ಮಾಡಲಾರದು. 1958ರ ಕೇಂದ್ರ ಕಾಯ್ದೆ ‘ಪ್ರಾಚೀನ ಸ್ಮಾರಕ’ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿಯೇ ಸ್ಮಾರಕ ನಿಂತಿರುವ ನೆಲ, ಬೇಲಿ ಕಟ್ಟಲು ಬೇಕಾಗುವ ಪಕ್ಕದ ನೆಲ ಮತ್ತು ಅಲ್ಲಿಗೆ ಹೋಗುವ ದಾರಿ ಸೇರಿವೆ. ಕಾನೂನಿನ ಕಣ್ಣಿಗೆ ಕಲ್ಲೆಂದರೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳಿರುವ ಒಂದು ಜಾಗ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನೆಲದ ಕೆಲಸ ಮೊದಲು ಬರುತ್ತದೆ, ಅಕ್ಷರದ ಕೆಲಸ ನಂತರ ಬರುತ್ತದೆ. ಈ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಹೊರಡುವ ಮೊದಲು ಕೈಯಲ್ಲಿರಬೇಕಾದವು

ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್, ಪ್ರಖರವಾದ ಒಂದು ಟಾರ್ಚ್, 5 ಮೀಟರಿನ ಮತ್ತು 30 ಮೀಟರಿನ ಅಳತೆಪಟ್ಟಿಗಳು, ಮೃದುವಾದ ನೈಲಾನ್ ಬ್ರಷ್, ಕುಡಿಯಲು ಯೋಗ್ಯವಾದಷ್ಟು ಶುದ್ಧ ನೀರು, ದಿಕ್ಸೂಚಿ, ಸೀಸದ ಕಡ್ಡಿ, ನೋಟ್ ಪುಸ್ತಕ. ಪೆನ್ನಿನ ಬರಹ ಬೆವರಿಗೂ ಮಳೆಗೂ ಕದಡುತ್ತದೆ, ಆದ್ದರಿಂದ ಸೀಸದ ಕಡ್ಡಿಯೇ ಇರಲಿ. 10 ಸೆಂಟಿಮೀಟರ್ ಉದ್ದದ ರಟ್ಟಿನ ಪಟ್ಟಿಯೊಂದಕ್ಕೆ ಸೆಂಟಿಮೀಟರಿಗೊಂದರಂತೆ ಕಪ್ಪು, ಬಿಳಿ ಬಣ್ಣ ಬಳಿದುಕೊಂಡರೆ ಅದೇ ಫೋಟೊದಲ್ಲಿ ಇಡುವ ಅಳತೆಗೋಲು. ಒಂದು ಕಪ್ಪು ಬಟ್ಟೆ ಮತ್ತು ಅಂಗೈಯಗಲದ ಕನ್ನಡಿ ಇದ್ದರೆ ಹಗಲಿನಲ್ಲೂ ಅಕ್ಷರಗಳನ್ನು ಎಬ್ಬಿಸಬಹುದು. ಹೇಗೆಂದು ಮುಂದೆ ಹೇಳಿದ್ದೇನೆ.

ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಲ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ, ಬೆಳಕೂ ಇರುವುದಿಲ್ಲ. ಆದರೂ ಮಳೆಗಾಲ ವ್ಯರ್ಥವಾಗಬೇಕಿಲ್ಲ, ಪಹಣಿ ಮತ್ತು ನಕ್ಷೆಗಳ ಕೆಲಸವನ್ನು ಆಗ ಮುಗಿಸಿಕೊಳ್ಳಬಹುದು.

1. ವಸ್ತು ಯಾವ ಕಾಯ್ದೆಗೆ ಸೇರುತ್ತದೆಂದು ನಿರ್ಧರಿಸಿ

ಹಳೆಯದಾದ ಎಲ್ಲ ವಸ್ತುಗಳಿಗೂ ಒಂದೇ ನಮೂನೆಯ ಅರ್ಜಿ ಬರೆಯುವುದು ಮೊದಲ ತಪ್ಪು. ನೆಲಕ್ಕೆ ಅಂಟಿಕೊಂಡಿರುವ ಕಟ್ಟಡ, ಬಂಡೆಚಿತ್ರ, ನಿಲ್ಲಿಸಿದ ಶಾಸನ, ವೀರಗಲ್ಲು, ಕೆರೆ, ಕೋಟೆ ಇಂಥವು 100 ವರ್ಷಗಳಿಗಿಂತ ಹಳೆಯವಾಗಿದ್ದರೆ ಸ್ಮಾರಕಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ರಾಷ್ಟ್ರೀಯ ಮಹತ್ವದವೆಂದು ಘೋಷಿತವಾದವನ್ನು, ಉದಾಹರಣೆಗೆ ಕಾರ್ಕಳದ ಗೊಮ್ಮಟ ಮತ್ತು ಚತುರ್ಮುಖ ಬಸದಿಯನ್ನು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತದೆ. ಊರಿನ ಒಂದು ವೀರಗಲ್ಲಿಗೆ ರಾಷ್ಟ್ರೀಯ ಮಹತ್ವ ಬೇಡಿ ದೆಹಲಿಗೆ ಬರೆಯುವುದರಿಂದ ಕಾಗದ ಸುತ್ತಾಡುತ್ತದೆಯೇ ಹೊರತು ಫಲವಿಲ್ಲ. ಅದಕ್ಕೆ ಕರ್ನಾಟಕದ 1961ರ ಪ್ರಾಚೀನ ಹಾಗೂ ಐತಿಹಾಸಿಕ ಸ್ಮಾರಕಗಳ ಮತ್ತು ಪುರಾತತ್ವ ಸ್ಥಳಗಳ ಹಾಗೂ ಅವಶೇಷಗಳ ಕಾಯ್ದೆಯೇ ದಾರಿ; ಅದನ್ನು ನಡೆಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ.

ಎತ್ತಿ ಒಯ್ಯಬಹುದಾದ ಪಂಚಲೋಹದ ವಿಗ್ರಹ, ತಾಮ್ರಶಾಸನ, ತಾಳೆಗರಿ ಇವುಗಳ ಮಾತು ಬೇರೆ. ಇವು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯ್ದೆಗೆ ಸೇರುತ್ತವೆ. ವಸ್ತುವಿಗೆ 100 ವರ್ಷ, ಹಸ್ತಪ್ರತಿಗೆ 75 ವರ್ಷ ಆಗಿರಬೇಕು. ಇವುಗಳಲ್ಲಿ ಸರ್ಕಾರ ಗೊತ್ತುಪಡಿಸಿದ ಬಗೆಯವಕ್ಕೆ ನೋಂದಣಾಧಿಕಾರಿಯ ಮುಂದೆ ಫೋಟೊ ಸಹಿತ ನೋಂದಣಿ ಬೇಕು. ಬಾವಿ ತೋಡುವಾಗಲೋ ಅಡಿಪಾಯ ಅಗೆಯುವಾಗಲೋ ಬೆಲೆಬಾಳುವುದೇನಾದರೂ ಸಿಕ್ಕಿದರೆ ಕರ್ನಾಟಕದ 1962ರ ನಿಧಿ ಕಾಯ್ದೆ ಅನ್ವಯಿಸುತ್ತದೆ. ಅಗೆತ ನಿಲ್ಲಿಸಿ, ಸಿಕ್ಕಿದ್ದನ್ನು ಹಂಚಿಕೊಳ್ಳದೆ, ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.

ನಮ್ಮ ಊರುಗಳಲ್ಲಿ ‘ಪಾಂಡವರ ಕಲ್ಲು’ ಎಂದು ಕರೆಯುವ ಬೃಹತ್ ಶಿಲಾಯುಗದ ಗೋರಿಗಳು, ಮೂಡುಬಿದಿರೆ ಸಮೀಪದ ಮೂಡುಕೊಣಾಜೆಯಲ್ಲಿರುವಂಥವು, ಒಂಟಿ ಕಲ್ಲುಗಳಲ್ಲ. ಸುತ್ತಲಿನ ಗುಡ್ಡೆಯೇ ಪುರಾತತ್ವ ಸ್ಥಳ. ಅಲ್ಲಿ ಒಂದು ಮಡಕೆ ಚೂರನ್ನು ಕೆದಕಿ ತೆಗೆದರೂ ಅದು ಅನುಮತಿಯಿಲ್ಲದ ಉತ್ಖನನವೆನಿಸಬಹುದು. ಇನ್ನೊಂದು ಮಾತು: ಮಲ್ಪೆಯ ಸೈಂಟ್ ಮೇರೀಸ್ ದ್ವೀಪವನ್ನು ‘ರಾಷ್ಟ್ರೀಯ ಸ್ಮಾರಕ’ವೆಂದು ಅರ್ಜಿಗಳಲ್ಲಿ ಉದಾಹರಿಸುವವರಿದ್ದಾರೆ. ಅದು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಗುರುತಿಸಿದ ಭೂವೈಜ್ಞಾನಿಕ ಸ್ಮಾರಕ. ಮೇಲಿನ ಯಾವ ಕಾಯ್ದೆಗೂ ಅದಕ್ಕೂ ಸಂಬಂಧವಿಲ್ಲ.

2. ಸರ್ವೆ ನಂಬರ್ ಮತ್ತು ನೆಲದ ಒಡೆತನವನ್ನು ಖಚಿತಪಡಿಸಿಕೊಳ್ಳಿ

ನನ್ನ ಮೊದಲ ಅರ್ಜಿ ಬಿದ್ದುಹೋದದ್ದು ಇಲ್ಲಿಯೇ. ಊರವರು ಹೇಳಿದ ಸರ್ವೆ ನಂಬರನ್ನು ನಂಬಿ ಬರೆದಿದ್ದೆ. ಪರಿಶೀಲನೆಗೆ ಬಂದವರು ಆ ನಂಬರಿನೊಳಗೆಲ್ಲ ತಿರುಗಿ, ‘ಸದರಿ ಜಾಗದಲ್ಲಿ ಯಾವುದೇ ಕಲ್ಲು ಕಂಡುಬಂದಿರುವುದಿಲ್ಲ’ ಎಂದು ಷರಾ ಬರೆದು ಹೋದರು. ಕಲ್ಲು ನಲವತ್ತು ಹೆಜ್ಜೆ ಆಚೆ, ತೋಡು ದಾಟಿದರೆ ಸಿಗುವ ಇನ್ನೊಂದು ನಂಬರಿನಲ್ಲಿತ್ತು. ಆ ಷರಾವನ್ನು ತಿದ್ದಿಸಲು ಹೊಸ ಅರ್ಜಿಗಿಂತ ಹೆಚ್ಚು ಸಮಯ ಹಿಡಿಯಿತು.

ಮೊದಲು ಕಲ್ಲಿನ ಪಕ್ಕದಲ್ಲಿ ನಿಂತು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು, ಅದು ತೋರಿಸುವ ಸರ್ವೆ ನಂಬರನ್ನು ಬರೆದುಕೊಳ್ಳಿ. ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. ದಟ್ಟ ಮರಗಳ ಅಡಿಯಲ್ಲಿ ಮೊಬೈಲ್ ತೋರಿಸುವ ಸ್ಥಾನ ಹಲವು ಮೀಟರ್ ಆಚೀಚೆ ಆಗುತ್ತದೆ. ಎರಡನೆಯದಾಗಿ ಆ ನಂಬರಿನ ಮತ್ತು ಅದಕ್ಕೆ ತಾಗಿದ ಎಲ್ಲ ನಂಬರುಗಳ ಪಹಣಿಗಳನ್ನು ತೆಗೆಸಿ. ಮೂರನೆಯದಾಗಿ ಗ್ರಾಮ ನಕ್ಷೆಯ ಪ್ರತಿ ಪಡೆದು, ಗ್ರಾಮ ಆಡಳಿತ ಅಧಿಕಾರಿಯನ್ನು ವಿನಂತಿಸಿ ಸ್ಥಳಕ್ಕೆ ಕರೆತಂದು, ನಕ್ಷೆಯ ಮೇಲೆ ಕಲ್ಲಿನ ಸ್ಥಾನವನ್ನು ಗುರುತು ಮಾಡಿಸಿಕೊಳ್ಳಿ. ಕಲ್ಲು ಗಡಿಯ ಸಮೀಪದಲ್ಲಿದ್ದರೆ ಶುಲ್ಕ ಕಟ್ಟಿ ಸರ್ವೆ ಮಾಡಿಸುವುದೇ ಕ್ಷೇಮ.

ಈ ಎರಡು ಜಿಲ್ಲೆಗಳಿಗೇ ವಿಶೇಷವಾದ ತೊಡಕೆಂದರೆ ಕುಮ್ಕಿ. ವರ್ಗ (ಖಾಸಗಿ ಪಟ್ಟಾ) ಜಮೀನಿಗೆ ತಾಗಿರುವ ಕುಮ್ಕಿಯನ್ನು ತಲೆಮಾರುಗಳಿಂದ ಅನುಭವಿಸುತ್ತಾ ಬಂದ ಮನೆಯವರನ್ನೇ ಊರು ಒಡೆಯರೆಂದು ತಿಳಿದಿರುತ್ತದೆ, ಅವರೂ ಹಾಗೆಯೇ ತಿಳಿದಿರುತ್ತಾರೆ. ಸೊಪ್ಪು, ಸೌದೆಗಳ ಸವಲತ್ತು ಅವರದಾದರೂ ನೆಲದ ಒಡೆತನ ಸರ್ಕಾರದ್ದು. ಆದ್ದರಿಂದ ಕುಮ್ಕಿಯಲ್ಲಿರುವ ಕಲ್ಲಿಗೆ ವರ್ಗದಾರರ ಒಪ್ಪಿಗೆ ಪತ್ರವೊಂದನ್ನೇ ಲಗತ್ತಿಸಿದರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ, ತಹಶೀಲ್ದಾರರ ವರದಿ ಬೇಕು. ಹಾಗೆಂದು ಆ ಮನೆಯವರನ್ನು ಬಿಟ್ಟು ಮುಂದುವರಿಯಲೂ ಬಾರದು. ಮುಂದೆ ತಕರಾರು ತೆಗೆಯುವವರು ಅವರೇ, ಕಲ್ಲನ್ನು ದಿನವೂ ನೋಡಿಕೊಳ್ಳಬಲ್ಲವರೂ ಅವರೇ. ಪಹಣಿಯಲ್ಲಿ ಪರಂಬೋಕು (ಸಾರ್ವಜನಿಕ ಬಳಕೆಯ ಸರ್ಕಾರಿ ಜಾಗ) ಎಂದೋ ಅರಣ್ಯವೆಂದೋ ಇದ್ದರೆ ಆಯಾ ಇಲಾಖೆಗೂ ಅರ್ಜಿಯ ಪ್ರತಿ ಹೋಗಬೇಕು.

3. ಸ್ಥಳದ ಹಿರಿಯರ ಅನುಮತಿ ಪಡೆಯಿರಿ

ನಾಗಬನ, ದೈವಸ್ಥಾನ, ಗರಡಿ, ಕುಂದಾಪುರದ ಕಡೆಯ ಹಾಡಿಗಳು, ಇವುಗಳ ಒಳಗಿರುವ ಕಲ್ಲುಗಳನ್ನು ಹೇಳದೆ ಕೇಳದೆ ಮುಟ್ಟಿದರೆ ಅಲ್ಲಿಗೇ ಕೆಲಸ ಮುಗಿಯಿತೆಂದು ತಿಳಿಯಿರಿ. ಬನವಾದರೆ ಕುಟುಂಬದ ಹಿರಿಯರನ್ನು, ದೈವಸ್ಥಾನವಾದರೆ ಗುತ್ತಿನ ಯಜಮಾನರನ್ನು ಅಥವಾ ಗುರಿಕಾರರನ್ನು, ದೇವಸ್ಥಾನವಾದರೆ ಮೊಕ್ತೇಸರರನ್ನು ಮೊದಲು ಕಾಣಬೇಕು. ಯಾವ ದಿನ ಒಳಗೆ ಹೋಗಬಾರದು, ಎಲ್ಲಿಯವರೆಗೆ ಹೋಗಬಹುದು, ಯಾವುದರ ಫೋಟೊ ತೆಗೆಯಬಾರದು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ. ‘ಅಜ್ಜೇರೆ, ಬರೀ ಅಳತೆ ತೆಗೆದುಕೊಂಡು ಹೋಗುತ್ತೇವೆ, ಕಲ್ಲನ್ನು ಕದಲಿಸುವುದಿಲ್ಲ’ ಎಂಬ ಒಂದು ಮಾತು ಎಷ್ಟೋ ಬಾಗಿಲುಗಳನ್ನು ತೆರೆದಿದೆ. ಕೊಟ್ಟ ಮಾತಿನಂತೆ ನಡೆದುಕೊಳ್ಳುವುದು ಮುಖ್ಯ.

ದೇವಸ್ಥಾನ ಧಾರ್ಮಿಕ ದತ್ತಿ ಇಲಾಖೆಯ ಪಟ್ಟಿಯಲ್ಲಿದ್ದರೆ ವ್ಯವಸ್ಥಾಪನಾ ಸಮಿತಿಯ ಬಾಯಿಮಾತು ಸಾಲದು. ಸಮಿತಿಯ ನಿರ್ಣಯದ ಪ್ರತಿ ಪಡೆದು, ಇಲಾಖೆಗೂ ಬರೆಯಿರಿ. ಇಲ್ಲಿ ಸಾಮಾನ್ಯವಾಗಿ ಕೇಳುವ ಹೆದರಿಕೆಯೆಂದರೆ ‘ಸರ್ಕಾರ ಬಂದು ಪೂಜೆ ನಿಲ್ಲಿಸುತ್ತದೆ’ ಎಂಬುದು. ರಕ್ಷಿತವೆಂದು ಘೋಷಿಸಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಆರಾಧನೆಯ ಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸಬಾರದೆಂದು ಕೇಂದ್ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಘೋಷಣೆಯ ನಂತರ ಮನಬಂದಂತೆ ಜೀರ್ಣೋದ್ಧಾರ ಮಾಡುವಂತಿಲ್ಲ ಎಂಬುದೂ ನಿಜ, ಅದನ್ನು ಮುಚ್ಚಿಡಬೇಡಿ. ಕೇಂದ್ರ ರಕ್ಷಿತ ಸ್ಮಾರಕವಾದರೆ 2010ರ ತಿದ್ದುಪಡಿಯಂತೆ ಕಟ್ಟಡ ನಿರ್ಮಾಣಕ್ಕೆ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನೆರೆಮನೆಯವರಿಗೆ ಇದು ಅಧಿಸೂಚನೆಯ ದಿನ ಗೊತ್ತಾಗುವುದಕ್ಕಿಂತ ನಿಮ್ಮಿಂದ ಮೊದಲೇ ಗೊತ್ತಾಗುವುದು ಒಳ್ಳೆಯದು. ರಾಜ್ಯ ರಕ್ಷಿತ ಸ್ಮಾರಕಕ್ಕೆ ಆ ಜಾಗದಲ್ಲಿ ಯಾವ ನಿರ್ಬಂಧಗಳು ಬರುತ್ತವೆಂಬುದನ್ನು ಇಲಾಖೆಯಿಂದ ಬರವಣಿಗೆಯಲ್ಲಿ ಪಡೆದು ಅವರಿಗೆ ತೋರಿಸಿ.

4. ಕಲ್ಲನ್ನು ಇದ್ದ ಸ್ಥಿತಿಯಲ್ಲೇ ದಾಖಲಿಸಿ

ಕಲ್ಲನ್ನು ಎತ್ತಬೇಡಿ, ತಿರುಗಿಸಬೇಡಿ, ಹೂತ ಭಾಗ ಕಾಣಲೆಂದು ಅಗೆಯಬೇಡಿ. ಸ್ವಚ್ಛ ಜಾಗದಲ್ಲಿಟ್ಟು ಫೋಟೊ ತೆಗೆಯೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಗಡಿಕಲ್ಲುಗಳ ವಿಷಯದಲ್ಲಿ ಈ ಆಸೆ ಎಲ್ಲವನ್ನೂ ಕಳೆಯುತ್ತದೆ. ಶಿವಾಲಯದ ಭೂಮಿಗೆ ನೆಟ್ಟ ಲಿಂಗಮುದ್ರೆ, ವಿಷ್ಣುವಿನ ಭೂಮಿಗೆ ನೆಟ್ಟ ವಾಮನಮುದ್ರೆ, ಬಸದಿಯ ಭೂಮಿಗೆ ನೆಟ್ಟ ಮುಕ್ಕೊಡೆ (ಮೂರು ಕೊಡೆಗಳ ಗುರುತಿನ) ಕಲ್ಲುಗಳಲ್ಲಿ ಅನೇಕ ಸಲ ಒಂದಕ್ಷರವೂ ಇರುವುದಿಲ್ಲ. ಅದು ನಿಂತ ಜಾಗವೇ ಅದರ ಬರಹ. ಅಂಥ ಕಲ್ಲನ್ನು ದೇವಸ್ಥಾನದ ಅಂಗಳಕ್ಕೆ ತಂದು ಸಿಮೆಂಟಿನಲ್ಲಿ ನಿಲ್ಲಿಸಿದರೆ ಉಳಿಯುವುದು ಒಂದು ಚಿತ್ರ ಮಾತ್ರ.

ಸ್ವಚ್ಛಗೊಳಿಸುವಾಗ ನೀರು ಮತ್ತು ಮೃದು ಬ್ರಷ್ ಬಿಟ್ಟು ಬೇರೇನನ್ನೂ ಬಳಸಬೇಡಿ. ಬಿಡಿ ಮಣ್ಣು, ಒಣಗಿದ ಎಲೆ ಹೋದರೆ ಸಾಕು. ಗಟ್ಟಿಯಾಗಿ ಅಂಟಿದ ಕಲ್ಲುಹೂವನ್ನು ಕೆರೆದರೆ ಅದರ ಜೊತೆಗೆ ಕಲ್ಲಿನ ಪದರವೂ ಬರುತ್ತದೆ. ತಂತಿಯ ಬ್ರಷ್, ಆಸಿಡ್, ಸಾಬೂನಿನ ಪುಡಿ ನಿಷಿದ್ಧ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಗೋಧಿಹಿಟ್ಟು, ಅರಸಿನ, ಇದ್ದಿಲು ತಿಕ್ಕುವ ರೂಢಿ ವ್ಯಾಪಕವಾಗಿದೆ, ಪತ್ರಿಕೆಗಳ ಫೋಟೊಗಳಲ್ಲೂ ಕಾಣುತ್ತದೆ. ತಿಕ್ಕುವವನು ತಾನು ಊಹಿಸಿದ ಅಕ್ಷರವನ್ನೇ ತಿಕ್ಕುತ್ತಾನೆ; ನಂತರ ಬರುವ ಶಾಸನತಜ್ಞರಿಗೆ ಕಾಣುವುದು ಅವನ ಊಹೆ. ಕೆಲವು ದೇವಸ್ಥಾನಗಳಲ್ಲಿ ಸದುದ್ದೇಶದಿಂದಲೇ ಅಕ್ಷರಗಳಿಗೆ ಎನಾಮೆಲ್ ಬಣ್ಣ ತುಂಬಿಸಿ, ‘ನ’ ಇದ್ದಲ್ಲಿ ‘ಸ’ ಮಾಡಿರುವುದನ್ನು ನೋಡಿದ್ದೇನೆ.

ಅದರ ಬದಲು ಬೆಳಕನ್ನು ಬಳಸಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮುಖಕ್ಕೆ ಹೆಚ್ಚುಕಡಿಮೆ ತಾಗುವಂತೆ ಓರೆಯಾಗಿ ಹಿಡಿದರೆ, ಹಗಲಿನಲ್ಲಿ ಸಪಾಟಾಗಿ ಕಂಡ ಮೇಲ್ಮೈಯಿಂದ ಸಾಲುಗಳು ಎದ್ದು ಬರುತ್ತವೆ. ಟಾರ್ಚು ಒಬ್ಬರ ಕೈಯಲ್ಲಿರಲಿ, ಕ್ಯಾಮೆರಾ ಇನ್ನೊಬ್ಬರ ಕೈಯಲ್ಲಿರಲಿ. ಎಡದಿಂದ, ಬಲದಿಂದ, ಮೇಲಿನಿಂದ, ಹೀಗೆ ಮೂರು ಬೆಳಕಿನಲ್ಲಿ ಅದೇ ಚೌಕಟ್ಟನ್ನು ಕ್ಯಾಮೆರಾ ಕದಲಿಸದೆ ತೆಗೆಯಿರಿ, ಏಕೆಂದರೆ ಎಡಬೆಳಕಿನಲ್ಲಿ ಅಡ್ಡಗೆರೆಗಳು ಮಾಸಿದರೆ ಮೇಲ್ಬೆಳಕಿನಲ್ಲಿ ಅವು ಎದ್ದು ಕಾಣುತ್ತವೆ. ರಾತ್ರಿ ಹೋಗಲು ಸಾಧ್ಯವಿಲ್ಲದ ಜಾಗವಾದರೆ ಕಲ್ಲಿಗೆ ಕಪ್ಪು ಬಟ್ಟೆಯ ನೆರಳು ಮಾಡಿ, ದೂರದಿಂದ ಕನ್ನಡಿಯಲ್ಲಿ ಬಿಸಿಲನ್ನು ಓರೆಯಾಗಿ ಹಾಯಿಸಬಹುದು.

ಫೋಟೊಗಳಿಗೆ ಒಂದು ಅನುಕ್ರಮವಿರಲಿ. ಮೊದಲು ದೂರದಿಂದ, ಒಂದು ಶಾಶ್ವತ ಗುರುತಿನೊಡನೆ: ಬಾವಿಕಟ್ಟೆ, ಶಾಲೆ, ದೇವಸ್ಥಾನದ ಗೋಪುರ. ನಂತರ ನಾಲ್ಕು ದಿಕ್ಕುಗಳಿಂದ. ನಂತರ ಪ್ರತಿಯೊಂದು ಮುಖವೂ ನೇರವಾಗಿ, ಅಳತೆಗೋಲಿನೊಡನೆ. ಕೊನೆಗೆ ಸಾಲುಗಳ ಬಿಡಿ ಚಿತ್ರಗಳು, ಒಂದರ ಅಂಚು ಇನ್ನೊಂದರಲ್ಲಿ ಮರುಕಳಿಸುವಂತೆ. ಮೂಲ ಕಡತಗಳನ್ನು ಹಾಗೆಯೇ ಕಾಪಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಫೋಟೊ ಕುಗ್ಗುತ್ತದೆ, ಅದರೊಳಗಿನ ಸ್ಥಳದ ಮಾಹಿತಿಯೂ ಅಳಿಯುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಅಳತೆಗಳಲ್ಲಿ ಎತ್ತರ, ಅಗಲ, ದಪ್ಪ, ಕಲ್ಲು ಮುಖಮಾಡಿರುವ ದಿಕ್ಕು, ಸಾಲುಗಳ ಸಂಖ್ಯೆ, ಅಕ್ಷರದ ಸರಾಸರಿ ಎತ್ತರ, ಒಡೆದ ಭಾಗ ಇವಿಷ್ಟು ಬರಲಿ. ಎತ್ತರದ ಮುಂದೆ ‘ನೆಲದ ಮೇಲೆ ಕಾಣುವಷ್ಟು’ ಎಂದು ಸೇರಿಸಿ. ಕಲ್ಲಿನ ಜಾತಿ ಖಚಿತವಿಲ್ಲದಿದ್ದರೆ ‘ಶಿಲೆಕಲ್ಲು’ ಅಥವಾ ‘ಮುರಕಲ್ಲು’ (ಜಂಬಿಟ್ಟಿಗೆ) ಎಂದಷ್ಟೇ ಬರೆಯಿರಿ. ವೀರಗಲ್ಲನ್ನು ಕೆಳಗಿನ ಪಟ್ಟಿಕೆಯಿಂದ ಮೇಲಕ್ಕೆ ವಿವರಿಸಬೇಕು, ಅದನ್ನು ಕೆತ್ತಿದ ಕ್ರಮವೂ ಅದೇ: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ ಅಥವಾ ದೇವಸನ್ನಿಧಿ. ಬಳೆ ತೊಟ್ಟ ತೋಳು ಮೇಲೆತ್ತಿದಂತೆ ಇದ್ದರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಣ್ಣಿನ ನೆನಪಿನ ಕಲ್ಲು.

ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದಲ್ಲಿ, ಅಕ್ಷಾಂಶ ಮೊದಲು ಬರುವಂತೆ ಬರೆಯಿರಿ. ಉಡುಪಿ ಪೇಟೆ ಸುಮಾರು 13.34 ಉತ್ತರ, 74.74 ಪೂರ್ವದಲ್ಲಿದೆ. ಈ ಎರಡನ್ನು ಅದಲುಬದಲು ಬರೆದ ಅರ್ಜಿಯೊಂದನ್ನು ಭೂಪಟದಲ್ಲಿ ಹಾಕಿ ನೋಡಿದಾಗ ನಮ್ಮ ಬೈಲಿನ ವೀರಗಲ್ಲು ನಾರ್ವೆಯ ಆಚೆಗಿನ ಹಿಮಸಾಗರದಲ್ಲಿ ಮುಳುಗಿತ್ತು.

ಶಾಸನದ ಪಡಿಯಚ್ಚನ್ನು ನೀವೇ ತೆಗೆಯಲು ಹೋಗಬೇಡಿ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಅಕ್ಷರದ ತಗ್ಗುಗಳೊಳಗೆ ಇಳಿಯುವಂತೆ ಬ್ರಷ್‌ನಿಂದ ಬಡಿದು, ಅರೆ ಒಣಗಿದ ಮೇಲೆ ಮಸಿ ಒತ್ತುವ ಈ ವಿಧಾನದಲ್ಲಿ ಕಾಗದ ಹರಿದರೆ ಮಸಿ ನೇರವಾಗಿ ಕಲ್ಲಿಗೆ ಇಳಿಯುತ್ತದೆ. ಅದನ್ನು ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆಯವರಿಗೋ ಅನುಭವಿ ಶಾಸನತಜ್ಞರಿಗೋ ಬಿಡಿ.

5. ಮೊದಲೇ ದಾಖಲಾಗಿದೆಯೇ ಎಂದು ಹುಡುಕಿ

‘ಅಪ್ರಕಟಿತ ಶಾಸನ ಪತ್ತೆ’ ಎಂದು ಪತ್ರಿಕೆಗೆ ಕೊಟ್ಟ ಮೇಲೆ, ಅದು ತೊಂಬತ್ತು ವರ್ಷಗಳ ಹಿಂದೆಯೇ ಅಚ್ಚಾಗಿದೆ ಎಂದು ತಿಳಿದು ಮುಜುಗರಪಟ್ಟವರಿದ್ದಾರೆ. ಇದಕ್ಕೆ ಕಾರಣ ಹುಡುಕುವ ಜಾಗ ತಪ್ಪಿದ್ದು. ಕನ್ನಡದ ಶಾಸನವೆಂದರೆ ಎಲ್ಲರೂ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತೆರೆಯುತ್ತಾರೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸಂಬಂಧಿಸಿದವು. ನಮ್ಮ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿನ ಶಾಸನಗಳ ನಕಲು ಅಲ್ಲಿನ ಶಾಸನ ಇಲಾಖೆಯಿಂದ ಆಯಿತು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 7ನೇ ಸಂಪುಟದಲ್ಲಿ ಬಾರ್ಕೂರು, ಬಸ್ರೂರು, ಮೂಡುಬಿದಿರೆಗಳ ಅನೇಕ ಶಾಸನಗಳಿವೆ. ಪೂರ್ಣಪಾಠ ಅಚ್ಚಾಗದವಕ್ಕೂ 1887ರಿಂದ ಹೊರಬಂದ ವಾರ್ಷಿಕ ಶಾಸನ ವರದಿಗಳಲ್ಲಿ ಕ್ರಮಸಂಖ್ಯೆ, ಊರು, ಕಲ್ಲಿದ್ದ ಜಾಗ, ಸಾರಾಂಶ ಸಿಗುತ್ತವೆ. ಇತಿಹಾಸಕಾರ ಪಾದೂರು ಗುರುರಾಜ ಭಟ್ಟರು ತುಳುನಾಡಿನ ಊರೂರು ಸುತ್ತಿ ದಾಖಲಿಸಿದ್ದನ್ನೂ ನೋಡದೆ ಮುಂದುವರಿಯಬಾರದು.

ಹುಡುಕುವಾಗ ಹಳೆಯ ತಾಲೂಕಿನ ಹೆಸರಿನಲ್ಲಿ ಹುಡುಕಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಹಳೆಯ ವರದಿಗಳಿಗೆ ಎಲ್ಲವೂ ಸೌತ್ ಕೆನರಾ. ಇಂದಿನ ಬ್ರಹ್ಮಾವರ ತಾಲೂಕಿನ ಬಾರ್ಕೂರು ಉಡುಪಿ ತಾಲೂಕಿನಡಿ, ಮೂಡುಬಿದಿರೆ ಕಾರ್ಕಳ ತಾಲೂಕಿನಡಿ ಸಿಗುತ್ತವೆ. ಹಳೆಯ ನಮೂದು ಸಿಕ್ಕಿದರೆ ನಿರಾಶರಾಗಬೇಡಿ, ಅರ್ಜಿಗೆ ಅದಕ್ಕಿಂತ ಬಲವಾದ ಆಧಾರ ಇನ್ನೊಂದಿಲ್ಲ. ಕಲ್ಲು ಆಗ ಎಲ್ಲಿತ್ತು, ಈಗ ಎಲ್ಲಿದೆ, ಆಗ ಓದಲಾದ ಎಷ್ಟು ಸಾಲುಗಳು ಈಗ ಅಳಿದಿವೆ ಎಂಬ ಹೋಲಿಕೆಯೇ ರಕ್ಷಣೆ ಏಕೆ ತುರ್ತು ಎಂಬುದನ್ನು ತೋರಿಸುತ್ತದೆ.

6. ಓದು ಮತ್ತು ಕಾಲನಿರ್ಣಯದಲ್ಲಿ ಅವಸರ ಬೇಡ

ಅರ್ಜಿಗೆ ಶಾಸನದ ಪೂರ್ಣ ಓದು ಬೇಕಾಗಿಯೇ ಇಲ್ಲ. ಕಂಡಷ್ಟು ಅಕ್ಷರ ಬರೆದು, ಕಾಣದಲ್ಲಿ ಚುಕ್ಕಿ ಹಾಕಿದರೆ ಸಾಕು. ತಪ್ಪು ಓದು ಒಮ್ಮೆ ಕಡತಕ್ಕೆ ಹೋದರೆ ಅದನ್ನು ಹೊರಗೆ ತರುವುದು ಕಷ್ಟ.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂಬ ಲೆಕ್ಕ ಎಲ್ಲರಿಗೂ ಗೊತ್ತು, ಅದು ಎಡವಿಸುವುದೂ ಅಷ್ಟೇ ಸಾಮಾನ್ಯ. ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯ ಶಾಸನದಲ್ಲಿರುವುದು ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ. 78 ಕೂಡಿಸಿದರೆ 1431 ಬರುತ್ತದೆ. ಆದರೆ ಫಾಲ್ಗುಣ ಬರುವಷ್ಟರಲ್ಲಿ ಜನವರಿ ದಾಟಿ ಕ್ರಿಸ್ತಶಕದ ವರ್ಷ ಬದಲಾಗಿರುತ್ತದೆ. ಸರಿಯಾದ ದಿನ 1432ರ ಫೆಬ್ರವರಿ 13. ಆದ್ದರಿಂದ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಇದ್ದಂತೆಯೇ ನಕಲು ಮಾಡಿ, ಲೆಕ್ಕವನ್ನು ಬಲ್ಲವರಿಗೆ ಬಿಡಿ. ತೇದಿಯಿಲ್ಲದ ಕಲ್ಲಿಗೆ ‘ಸುಮಾರು 7ನೇ ಶತಮಾನ’ ಎಂದು ನೀವೇ ಬರೆಯಬೇಡಿ. ಕರಾವಳಿಯ ಪ್ರತಿಯೊಂದು ಕಲ್ಲೂ ಉಡುಪಿ ಜಿಲ್ಲೆಯ ವಡ್ಡರ್ಸೆಯಲ್ಲಿರುವ 7ನೇ ಶತಮಾನದ ಶಾಸನದಷ್ಟು ಹಳೆಯದಾಗಿರಬೇಕಿಲ್ಲ, ರಕ್ಷಣೆಗೆ ಅಷ್ಟು ಹಳೆಯದಾಗಿರಬೇಕೆಂಬ ನಿಯಮವೂ ಇಲ್ಲ.

7. ಅರ್ಜಿ ಬರೆಯುವ ಕ್ರಮ

ಅರ್ಜಿ ಎರಡು ಪುಟ ಮೀರದಿರಲಿ. ರಾಜ್ಯ ಪುರಾತತ್ವ ಇಲಾಖೆಯ ಆಯುಕ್ತರಿಗೆ ಬರೆದು, ಜಿಲ್ಲಾಧಿಕಾರಿ, ತಹಶೀಲ್ದಾರ್ ಮತ್ತು ಗ್ರಾಮ ಪಂಚಾಯತಿಗೆ ಪ್ರತಿ ಕೊಡಿ. ಮೊದಲ ಪರಿಚ್ಛೇದದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಉಪವಿಭಾಗ) ನಂಬರ್, ವಿಸ್ತೀರ್ಣ, ಪಹಣಿಯಲ್ಲಿರುವ ಹೆಸರು, ಚಕ್ಕುಬಂದಿ. ಎರಡನೆಯದರಲ್ಲಿ ವಸ್ತುವಿನ ವಿವರ ಮತ್ತು ಅಳತೆ. ಮೂರನೆಯದರಲ್ಲಿ ಹಿಂದಿನ ಪ್ರಕಟಣೆಯ ನಮೂದು. ನಾಲ್ಕನೆಯದರಲ್ಲಿ ಈಗಿರುವ ಅಪಾಯ, ದಿನಾಂಕ ಮತ್ತು ಫೋಟೊ ಸಂಖ್ಯೆಯೊಡನೆ. ಕೊನೆಯಲ್ಲಿ ಬೇಡಿಕೆ: ಸ್ಥಳಪರಿಶೀಲನೆ ನಡೆಸಿ, 1961ರ ಕಾಯ್ದೆಯಡಿ ರಕ್ಷಿತ ಸ್ಮಾರಕವೆಂದು ಘೋಷಿಸಲು ಕ್ರಮ ಕೈಗೊಳ್ಳಬೇಕು ಎಂದು ಒಂದೇ ವಾಕ್ಯದಲ್ಲಿ. ರಸ್ತೆ, ದೀಪ, ಉದ್ಯಾನ, ಪ್ರವಾಸೋದ್ಯಮ ಇವನ್ನೆಲ್ಲ ಅದೇ ಅರ್ಜಿಯಲ್ಲಿ ಕೇಳಿದರೆ ಕಾಗದ ಮೂರು ಇಲಾಖೆಗಳಿಗೆ ಹಂಚಿಹೋಗುತ್ತದೆ.

ಲಗತ್ತುಗಳಾಗಿ ಪಹಣಿ, ಗುರುತು ಮಾಡಿದ ನಕ್ಷೆ, ಫೋಟೊಗಳು, ಒಡೆಯರ ಅಥವಾ ಸಮಿತಿಯ ಪತ್ರ ಮತ್ತು ಗ್ರಾಮಸಭೆಯ ನಿರ್ಣಯ ಇರಲಿ. ಗ್ರಾಮಸಭೆಯ ನಿರ್ಣಯವನ್ನು ಕಾಯ್ದೆ ಕೇಳುವುದಿಲ್ಲ, ಆದರೂ ಅದಿರುವ ಕಡತಕ್ಕೆ ಮುಂದೆ ಬರುವ ಆಕ್ಷೇಪಗಳು ಕಡಿಮೆ. ಅರ್ಜಿ ಕೊಟ್ಟ ಕಡೆಗಳಲ್ಲೆಲ್ಲ ಸ್ವೀಕೃತಿ ಮುದ್ರೆ ಮತ್ತು ಸಂಖ್ಯೆಯಿರುವ ಪ್ರತಿಯನ್ನು ಪಡೆಯದೆ ಹಿಂದಿರುಗಬೇಡಿ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಕೊಡುವ ಪ್ರತಿಯ ಮೇಲೂ ಇದನ್ನು ಪಡೆಯಬೇಕು. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೇ ಇಲಾಖೆಗೆ ಸೇರಿದ್ದು. ಅರ್ಜಿಯ ಕರಡನ್ನು ಅಲ್ಲಿ ಒಮ್ಮೆ ತೋರಿಸುವುದು ಉಪಯುಕ್ತ.

ಪತ್ರಿಕಾ ಹೇಳಿಕೆ ಅರ್ಜಿಗಿಂತ ಮೊದಲು ಹೋಗಬಾರದು, ಹೋದಾಗಲೂ ಅದರಲ್ಲಿ ನಿಖರ ಸ್ಥಾನ ಇರಬಾರದು. ಹಳೆಯ ಕಲ್ಲಿನ ಕೆಳಗೆ ನಿಧಿ ಇದೆಯೆಂದು ನಂಬುವವರು ಪತ್ರಿಕೆಯನ್ನು ನಮಗಿಂತ ಶ್ರದ್ಧೆಯಿಂದ ಓದುತ್ತಾರೆ.

8. ಅಪಾಯದ ಸೂಚನೆಗಳು ಕಂಡರೆ

ಕರಾವಳಿಯಲ್ಲಿ ಕಲ್ಲುಗಳು ಹೆಚ್ಚಾಗಿ ಕಾಣೆಯಾಗುವುದು ಕಳ್ಳತನದಿಂದಲ್ಲ, ಜೀರ್ಣೋದ್ಧಾರದಿಂದ ಎಂಬುದು ನನ್ನ ಅಭಿಪ್ರಾಯ. ಜೀರ್ಣೋದ್ಧಾರಕ್ಕೆ ಮೊದಲು ಜ್ಯೋತಿಷಿಗಳಿಂದ ಕೇಳಿಸುವ ಅಷ್ಟಮಂಗಲ ಪ್ರಶ್ನೆ ಇಟ್ಟಿದ್ದಾರೆ ಎಂಬ ಸುದ್ದಿ ಬಂದ ದಿನವೇ ಎಚ್ಚರಗೊಳ್ಳಬೇಕು. ಬಾಲಾಲಯದಲ್ಲಿ (ತಾತ್ಕಾಲಿಕ ಗುಡಿಯಲ್ಲಿ) ದೇವರ ಪ್ರತಿಷ್ಠೆಯಾಗಿ ಹಳೆಯ ಗರ್ಭಗುಡಿ ಬಿಚ್ಚಲು ತೊಡಗಿದರೆ, ಪಂಚಾಂಗದ (ಗುಡಿಯ ತಳಗಟ್ಟಿನ) ಕಲ್ಲುಗಳಲ್ಲಿರುವ ಬರಹ ಹೊಸ ಅಡಿಪಾಯದೊಳಗೆ ಹೋಗಲು ಕೆಲವು ದಿನಗಳು ಸಾಕು. ಭಿನ್ನವಾದ ಹಳೆಯ ಮೂರ್ತಿಯನ್ನು ಹೊಳೆಗೋ ಸಮುದ್ರಕ್ಕೋ ಬಿಡುವ ತೀರ್ಮಾನವಾಗಿದ್ದರೆ, ತಂತ್ರಿಗಳೊಡನೆ ಮತ್ತು ಸಮಿತಿಯೊಡನೆ ಮಾತಾಡಿ, ವಿಸರ್ಜನೆಯ ಬದಲು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವ ದಾರಿಯಿದೆಯೇ ಎಂದು ವಿನಯದಿಂದ ಕೇಳಿ. ಜೀರ್ಣೋದ್ಧಾರದ ಕೊನೆಗೆ ನಡೆಯುವ ಬ್ರಹ್ಮಕಲಶದ ಬ್ಯಾನರ್ ಕಟ್ಟಿದ ಮೇಲೆ ಹೋದರೆ ತಡವಾಗಿರುತ್ತದೆ.

ಉಳಿದ ಸೂಚನೆಗಳು ಸುಲಭವಾಗಿ ಕಾಣುವಂಥವು. ಕಲ್ಲಿನ ಬುಡದಲ್ಲಿ ಹೊಸ ಗುಂಡಿ, ಕುಂಕುಮ, ಕತ್ತರಿಸಿದ ನಿಂಬೆಹಣ್ಣು ಇದ್ದರೆ ನಿಧಿಗಳ್ಳರು ಬಂದು ಹೋಗಿದ್ದಾರೆ. ಫೋಟೊ ತೆಗೆದು ಅದೇ ದಿನ ಠಾಣೆಗೆ ಲಿಖಿತ ದೂರು ಕೊಡಿ. ಮುರಕಲ್ಲು ಕಡಿಯುವ ಯಂತ್ರ ಪಕ್ಕದ ಗುಡ್ಡೆಗೆ ಬಂದಿದ್ದರೆ, ರಸ್ತೆ ಅಗಲಗೊಳಿಸುವವರು ಕಲ್ಲಿನಾಚೆಗೆ ಗೂಟ ಹೊಡೆದಿದ್ದರೆ, ತಹಶೀಲ್ದಾರರಿಗೆ ಮತ್ತು ಪಂಚಾಯತಿಗೆ ತುರ್ತು ಪತ್ರ ಕೊಡಿ. ಕಲ್ಲನ್ನು ಸ್ಥಳಾಂತರಿಸದೆ ಬೇರೆ ದಾರಿಯೇ ಇಲ್ಲವೆಂದಾದರೆ, ಅಧಿಕಾರಿಗಳ ಸಮ್ಮುಖದಲ್ಲಿ ಮಹಜರು ಆಗಿ, ಮೂಲ ಸ್ಥಾನದ ಅಳತೆ ಮತ್ತು ಫೋಟೊ ಅದರಲ್ಲಿ ಸೇರಿದ ಮೇಲೆಯೇ ಕಲ್ಲು ಕದಲಬೇಕು.

9. ಕಡತದ ಬೆನ್ನುಹತ್ತುವುದು

ಮೂರು ತಿಂಗಳು ಕಾದು, ಸ್ವೀಕೃತಿ ಸಂಖ್ಯೆ ಉಲ್ಲೇಖಿಸಿ ಒಂದು ನೆನಪೋಲೆ ಬರೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, 10 ರೂಪಾಯಿ ಶುಲ್ಕದೊಡನೆ, ಕಡತ ಸಂಖ್ಯೆ ಮತ್ತು ಟಿಪ್ಪಣಿ ಹಾಳೆಯ ಪ್ರತಿ ಕೇಳಿ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು. ಉದ್ದವಾಗಿ ಬರೆದು ತಿರಸ್ಕೃತರಾಗುವವರು ಬಹಳ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಪ್ರಶ್ನಿಸಿದರೆ ಅದು ಮಾಹಿತಿಯಲ್ಲ ಎಂದು ಬರೆದು ಮುಗಿಸುತ್ತಾರೆ, ‘ಯಾವ ದಿನಾಂಕದಂದು ಯಾವ ಅಧಿಕಾರಿಗೆ ಕಡತ ಹೋಗಿದೆ’ ಎಂದು ಕೇಳಬೇಕು.

10. ಅಧಿಸೂಚನೆಯ ಎರಡು ತಿಂಗಳು ಮತ್ತು ನಂತರ

ಇಲಾಖೆ ಒಪ್ಪಿದರೆ ಮೊದಲು ರಾಜ್ಯಪತ್ರದಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗೆ ಎರಡು ತಿಂಗಳ ಅವಕಾಶವಿರುತ್ತದೆ. ಅರ್ಜಿದಾರರು ಗೆದ್ದೆವೆಂದು ಸುಮ್ಮನಾಗುವುದು ಈ ಅವಧಿಯಲ್ಲಿ, ಆಕ್ಷೇಪಣೆಗಳು ಬರುವುದೂ ಈ ಅವಧಿಯಲ್ಲಿ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣಗಳನ್ನು ಅಧಿಸೂಚನೆಯಲ್ಲಿ ಅಕ್ಷರ ಅಕ್ಷರವಾಗಿ ಓದಿ, ತಪ್ಪಿದ್ದರೆ ಎರಡು ತಿಂಗಳೊಳಗೇ ತಿದ್ದುಪಡಿ ಕೋರಿ. ಅಂತಿಮ ಅಧಿಸೂಚನೆಯಲ್ಲಿ ಉಳಿದುಹೋದ ತಪ್ಪು ನಂಬರು ನಾಳೆ ನ್ಯಾಯಾಲಯದಲ್ಲಿ ಎದುರುಪಕ್ಷದ ಮೊದಲ ವಾದವಾಗುತ್ತದೆ.

ಅಂತಿಮ ಅಧಿಸೂಚನೆಯ ಪ್ರತಿಯನ್ನು ಹಿಡಿದು ತಹಶೀಲ್ದಾರರಲ್ಲಿಗೆ ಹೋಗಿ, ಪಹಣಿಯ 11ನೇ ಕಲಮಿನಲ್ಲಿ ಅದನ್ನು ನಮೂದಿಸಲು ಅರ್ಜಿ ಕೊಡಿ. ನಮೂದಾದ ಪಹಣಿಯ ಪ್ರತಿಯೊಂದನ್ನು ಗ್ರಾಮ ಪಂಚಾಯತಿಗೂ ಇನ್ನೊಂದನ್ನು ಲೋಕೋಪಯೋಗಿ ಇಲಾಖೆಯ ಉಪವಿಭಾಗಕ್ಕೂ ತಲುಪಿಸಿ ಸ್ವೀಕೃತಿ ಪಡೆಯಿರಿ. ಅಭಿವೃದ್ಧಿ ಅಧಿಕಾರಿಯೂ ಇಂಜಿನಿಯರರೂ ವರ್ಗವಾಗಿ ಹೋಗುತ್ತಾರೆ, ಹೊಸದಾಗಿ ಬಂದವರು ಚರಂಡಿಗೆ ಅಂದಾಜುಪಟ್ಟಿ ಮಾಡುವಾಗ ನೋಡುವುದು ಈ ಪಹಣಿಯನ್ನೇ.